ಜಾಯಿಕಾಯಿ ದ್ವೀಪದಲ್ಲಿ ಮತದಾನದ ವಾರ

ಜೂನ್ 19, ಭಾನುವಾರ

ಈ ವಾರ ಕೆರಿಬಿಯನ್ ಸಮುದ್ರದ ಗ್ರೆನೇಡಾದಲ್ಲಿ ಯಾರು ಯಾವ ಕಡೆ ಅಂತ ಕೇಳಬೇಕಾಗಿಯೇ ಇಲ್ಲ. ಹಾಕಿದ ಟೀ ಶರ್ಟೇ ಹೇಳಿಬಿಡುತ್ತದೆ. ಹಸಿರು ಆದರೆ ನ್ಯೂ ನ್ಯಾಷನಲ್ ಪಾರ್ಟಿ, ಅಂದರೆ ಎನ್‌ಎನ್‌ಪಿ. ಹಳದಿ ಆದರೆ ನ್ಯಾಷನಲ್ ಡೆಮಾಕ್ರಟಿಕ್ ಕಾಂಗ್ರೆಸ್, ಎನ್‌ಡಿಸಿ. ಹಸಿರಿನವರ ಗುರುತು ಮನೆ, ಹಳದಿಯವರ ಗುರುತು ಹೃದಯ. ಮಧ್ಯಾಹ್ನ ಊಟ ಮುಗಿಸಿ ತಂಗಿ ಮನೆಯ ಜಗಲಿಯಲ್ಲಿ ಕೂತಿದ್ದೆವು. ಗ್ರಾಂಡ್ ಆನ್ಸ್ ರಸ್ತೆಯಲ್ಲಿ ಹಳದಿ ಬಾವುಟದ ಕಾರುಗಳ ಸಾಲು ಹೊರಟಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ ಹುಡುಗರು, ಪಿಕಪ್ ಮೇಲೆ ಆಳೆತ್ತರದ ಸ್ಪೀಕರ್, ಅದರಲ್ಲಿ ಸೋಕಾ ಅನ್ನುವ ಕೆರಿಬಿಯನ್ ಕುಣಿತದ ಹಾಡು. ಸಾಲು ಮುಗಿಯುವ ಹೊತ್ತಿಗೆ ಎದುರಿನಿಂದ ಹಸಿರು ಕಾರುಗಳು ಬಂದವು. ಜಗಳ ಆಗುತ್ತೇನೋ ಅಂತ ನೋಡಿದರೆ ಎರಡೂ ಕಡೆಯವರು ಹೆಸರು ಹಿಡಿದು ಕೂಗಿಕೊಂಡು, ನಗುತ್ತಾ ದಾಟಿ ಹೋದರು.

ತಂಗಿಯ ಗಂಡ ಇಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾನೆ. ಇವರು ಇಲ್ಲಿರುವಾಗಲೇ ಒಮ್ಮೆ ಬಂದು ಹೋಗಬೇಕು ಅಂತ ಬಂದವಳಿಗೆ ಚುನಾವಣೆ ಸಿಕ್ಕಿತು. ಅವಧಿ ಮುಗಿಯಲು ಇನ್ನೂ ಸಮಯವಿತ್ತು. ಎನ್‌ಎನ್‌ಪಿಯ ಪ್ರಧಾನಿ ಕೀತ್ ಮಿಚೆಲ್ ಮೊದಲೇ ಸಂಸತ್ತು ವಿಸರ್ಜಿಸಿ 2022ರ ಜೂನ್ 23ಕ್ಕೆ ದಿನ ಇಟ್ಟರು.

ದೇಶ ಚಿಕ್ಕದು. ಗ್ರೆನೇಡಾ, ಕ್ಯಾರಿಯಾಕೂ, ಪೆಟಿಟ್ ಮಾರ್ಟಿನಿಕ್ ಅನ್ನುವ ಮೂರು ದ್ವೀಪ, ಎಲ್ಲ ಸೇರಿ ಸುಮಾರು 344 ಚದರ ಕಿಲೋಮೀಟರ್. ಒಂದು ಲಕ್ಷದ ಮೇಲೆ ಸ್ವಲ್ಪ ಜನ. ಕೆಳಮನೆಯಲ್ಲಿ 15 ಸೀಟು. ನಮ್ಮ ಕಡೆಯ ಒಂದು ವಿಧಾನಸಭಾ ಕ್ಷೇತ್ರದಷ್ಟೂ ಮತದಾರರಿಲ್ಲದ ಕಡೆ ಒಂದು ಪೂರ್ತಿ ಸಂಸತ್ತು, ಸೆನೆಟ್, ಪ್ರಧಾನಿ, ವಿದೇಶಾಂಗ ಮಂತ್ರಿ ಎಲ್ಲ ಇದ್ದಾರೆ.

ಮನೆಯ ಮಾಲೀಕರು ಮೇಲಿನ ಮಹಡಿಯಲ್ಲಿದ್ದಾರೆ, ನಿವೃತ್ತ ಶಾಲಾ ಶಿಕ್ಷಕಿ. ತಂಗಿ ಅವರನ್ನು ‘ಟೀಚರ್’ ಅಂತಲೇ ಕರೆಯುವುದು, ನಾನೂ ಹಾಗೇ ಕರೆದೆ. ಅವರು ಬಿಳಿ ಅಂಗಿ ಹಾಕಿದ್ದರು. “ಗುರುವಾರ ನನಗೆ ಬೂತಿನಲ್ಲಿ ಕೆಲಸ ಇದೆ. ಅಲ್ಲಿಯವರೆಗೆ ಹಸಿರೂ ಮುಟ್ಟಲ್ಲ, ಹಳದಿಯೂ ಮುಟ್ಟಲ್ಲ. ಬಾಳೆಹಣ್ಣು ತಿನ್ನುವಾಗಲೂ ಒಳಗೆ ಕೂತು ತಿಂತೀನಿ,” ಅಂದರು.

ಜೂನ್ 20, ಸೋಮವಾರ

ಮಿನಿ ಬಸ್ ಹತ್ತಿ ರಾಜಧಾನಿ ಸೇಂಟ್ ಜಾರ್ಜಸ್‌ಗೆ ಹೊರಟೆ. ಇಲ್ಲಿ ಬಸ್ ಹತ್ತಿದವರು ಎಲ್ಲರಿಗೂ ಕೇಳುವ ಹಾಗೆ ‘ಗುಡ್ ಮಾರ್ನಿಂಗ್’ ಅನ್ನಬೇಕು. ಎಲ್ಲರೂ ತಿರುಗಿ ಹೇಳುತ್ತಾರೆ. ಅದು ಮುಗಿದ ಮೇಲೆ ಚುನಾವಣೆ ಮಾತು ಶುರು. ಹಿಂದಿನ ಸೀಟಿನ ಹೆಂಗಸು ಪೇಟೆಯಲ್ಲಿ ಎಣ್ಣೆ, ಹಿಟ್ಟಿನ ರೇಟು ಎಷ್ಟಾಗಿದೆ ಅಂತ ಒಂದೊಂದಾಗಿ ಹೇಳಿದಳು. ಡ್ರೈವರ್ ರಸ್ತೆ ತೋರಿಸಿ, “ಇದನ್ನು ಹಾಕಿಸಿದ್ದು ಯಾರು?” ಅಂದ. ಅವನದು ಹಸಿರು ಅಂತ ಗೊತ್ತಾಯಿತು.

ಸೇಂಟ್ ಜಾರ್ಜಸ್ ಎಷ್ಟು ಚೆಂದದ ಊರು! ಕುದುರೆ ಲಾಳದ ಆಕಾರದ ಬಂದರು, ಅದಕ್ಕೆ ಕ್ಯಾರನಾಜ್ ಅಂತ ಹೆಸರು. ಅದರ ಸುತ್ತ ಗುಡ್ಡ, ಗುಡ್ಡದ ಮೈತುಂಬ ಕೆಂಪು ಮಾಡಿನ ಮನೆಗಳು. ಬಂದರಿನಿಂದ ಆಚೆ ಬದಿಯ ಪೇಟೆಗೆ ಹೋಗಲು 1890ರ ದಶಕದಲ್ಲಿ ಕೊರೆದ ಸೆಂಡಾಲ್ ಸುರಂಗ ಇದೆ. ಕಾರುಗಳೂ ನಡೆಯುವವರೂ ಒಟ್ಟಿಗೇ ಹೋಗುವಷ್ಟು ಕಿರಿದು. ಗೋಡೆಗೆ ಒತ್ತಿಕೊಂಡು ದಾಟಿದೆ.

ಫೋರ್ಟ್ ಜಾರ್ಜ್‌ಗೆ ಹತ್ತುವ ದಾರಿ ಕಡಿದು. ಮೇಲಿನಿಂದ ಇಡೀ ಬಂದರು ಕಾಣುತ್ತದೆ. ಆದರೆ ನಾನು ಹೋಗಿದ್ದು ನೋಟಕ್ಕಲ್ಲ, ಒಳಗಿನ ಅಂಗಳ ನೋಡಲು. 1983ರ ಅಕ್ಟೋಬರ್ 19ರಂದು ಪ್ರಧಾನಿ ಮೌರಿಸ್ ಬಿಷಪ್ ಅವರನ್ನೂ ಅವರ ಸಂಗಡಿಗರನ್ನೂ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದ ಜಾಗ ಅದು. ಶಿಕ್ಷಣ ಮಂತ್ರಿಯಾಗಿದ್ದ ಜಾಕ್ವೆಲಿನ್ ಕ್ರೆಫ್ಟ್ ಕೂಡ ಅಲ್ಲೇ ಸತ್ತರು. ಗೋಡೆಯ ಮೇಲೆ ಒಂದು ಫಲಕ ಇದೆ. ಹೆಸರುಗಳನ್ನು ಓದಿ ಸುಮ್ನೆ ನಿಂತೆ. ಅವರ ದೇಹಗಳು ಇವತ್ತಿಗೂ ಸಿಕ್ಕಿಲ್ಲ.

ಈ ಚುನಾವಣೆ ಇಲ್ಲಿನವರಿಗೆ ಯಾಕೆ ಇಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಆ ಕಥೆ ಗೊತ್ತಿರಬೇಕು. 1974ರ ಫೆಬ್ರವರಿ 7ಕ್ಕೆ ಸ್ವಾತಂತ್ರ್ಯ ಬಂತು. ಮೊದಲ ಪ್ರಧಾನಿ ಎರಿಕ್ ಗೇರಿ. ಅವರ ಆಳ್ವಿಕೆಯಲ್ಲಿ ವಿರೋಧಿಗಳಿಗೆ ಪೆಟ್ಟು, ಜೈಲು. ಬಿಷಪ್ ಅವರ ತಂದೆ ರೂಪರ್ಟ್ ಬಿಷಪ್ ಅದೇ ವರ್ಷ ಗಲಾಟೆಯಲ್ಲಿ ಗುಂಡಿಗೆ ಬಲಿಯಾದರು. 1979ರ ಮಾರ್ಚ್ 13ರಂದು ಗೇರಿ ಹೊರದೇಶದಲ್ಲಿದ್ದಾಗ ಬಿಷಪ್ ಅವರ ನ್ಯೂ ಜ್ಯುವೆಲ್ ಮೂವ್‌ಮೆಂಟ್ ಪಕ್ಷ ಅಧಿಕಾರ ಹಿಡಿಯಿತು. ಜನ ಕುಣಿದಾಡಿದರಂತೆ. ಆ ಸರ್ಕಾರ ಶಾಲೆ ಕಟ್ಟಿತು, ದೊಡ್ಡವರಿಗೆ ಅಕ್ಷರ ಕಲಿಸಿತು, ಕ್ಯೂಬಾದ ನೆರವಿನಿಂದ ವಿಮಾನ ನಿಲ್ದಾಣದ ಕೆಲಸ ಹಿಡಿಯಿತು. ಆದರೆ ಚುನಾವಣೆ ಮಾತ್ರ ನಡೆಸಲಿಲ್ಲ. ಕೊನೆಗೆ ಪಕ್ಷದೊಳಗೇ ಒಡಕು ಬಂದು ಬಿಷಪ್ ಗೃಹಬಂಧನ, ಜನ ಅವರನ್ನು ಬಿಡಿಸಿ ಕೋಟೆಗೆ ಕರೆತಂದದ್ದು, ಸೈನ್ಯ ಬಂದದ್ದು. ಆರು ದಿನ ಕಳೆದು, ಅಕ್ಟೋಬರ್ 25ಕ್ಕೆ, ಅಮೆರಿಕದ ಸೇನೆ ಬಂದಿಳಿಯಿತು. ಮತ್ತೆ ಮತಪೆಟ್ಟಿಗೆ ಕಂಡದ್ದು 1984ರ ಡಿಸೆಂಬರಿನಲ್ಲಿ.

ಆ 1984ರ ಚುನಾವಣೆಯಲ್ಲಿ ಗೆದ್ದು ಮೊದಲ ಸಲ ಸಂಸತ್ತಿಗೆ ಬಂದವರಲ್ಲಿ ಕೀತ್ ಮಿಚೆಲ್ ಒಬ್ಬರು. ಗಣಿತ ಓದಿದವರು, ಕ್ರಿಕೆಟ್ ಆಡಿದವರು. ಸೇಂಟ್ ಜಾರ್ಜ್ ನಾರ್ತ್ ವೆಸ್ಟ್ ಕ್ಷೇತ್ರ ಅಲ್ಲಿಂದ ಇಲ್ಲಿಯವರೆಗೆ ಅವರದ್ದೇ. 1995ರಿಂದ 2008, ಮತ್ತೆ 2013ರಿಂದ ಇವತ್ತಿನವರೆಗೆ ಪ್ರಧಾನಿ. 1999, 2013, 2018, ಮೂರು ಸಲ ಅವರ ಪಕ್ಷ 15ಕ್ಕೆ 15 ಗೆದ್ದಿದೆ. ಈಗ ಅವರಿಗೆ 75 ವರ್ಷ.

ಇಳಿದು ಬರುವಾಗ ಯಾರ್ಕ್ ಹೌಸ್ ಕಂಡಿತು. ಹಳೆಯ ಸಂಸತ್ ಭವನ. 2004ರ ಇವಾನ್ ಚಂಡಮಾರುತ ಅದರ ಮಾಡು ಹಾರಿಸಿತು. ಇಷ್ಟು ವರ್ಷ ಆದರೂ ಗೋಡೆ ಮಾತ್ರ ನಿಂತಿದೆ. ಈಗ ಸಂಸತ್ತು ಮೌಂಟ್ ವೀಲ್ಡೇಲ್ ಗುಡ್ಡದ ಹೊಸ ಕಟ್ಟಡದಲ್ಲಿ ಕೂರುತ್ತದೆ.

ಜೂನ್ 21, ಮಂಗಳವಾರ

ಗುಯಾವ್‌ಗೆ ಹೋಗದೆ ಊರಿಗೆ ವಾಪಸ್ ಬರುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಅದು ಪಶ್ಚಿಮ ಕರಾವಳಿಯ ಮೀನುಗಾರರ ಊರು, ಒಲಿಂಪಿಕ್ ಚಿನ್ನ ಗೆದ್ದ ಓಟಗಾರ ಕಿರಾನಿ ಜೇಮ್ಸ್ ಹುಟ್ಟಿದ ಊರು. ಅಲ್ಲಿ ಜಾಯಿಕಾಯಿ ಸಂಸ್ಕರಣೆ ಕೇಂದ್ರ ಇದೆ. ನಾನು ಶಿರಸಿ ಕಡೆಯವಳು. ಅಡಿಕೆ ತೋಟದ ನಡುವೆ ಜಾಯಿಕಾಯಿ ಮರ ನೋಡುತ್ತಾ ಬೆಳೆದವಳಿಗೆ ಬಾವುಟದಲ್ಲೇ ಜಾಯಿಕಾಯಿ ಇರುವ ದೇಶ ಅಂದರೆ ಪ್ರೀತಿ ಹುಟ್ಟದೆ ಇರುತ್ತಾ?

ಮರದ ನೆಲದ ದೊಡ್ಡ ಹಳೆಯ ಕಟ್ಟಡ. ಬಾಗಿಲಲ್ಲೇ ವಾಸನೆ ಬಂದು ಮುತ್ತಿಕೊಂಡಿತು. ರೈತರು ತಂದ ಕಾಯಿಯನ್ನು ಉದ್ದುದ್ದ ಮರದ ತಟ್ಟೆಗಳಲ್ಲಿ ಹರವಿ ವಾರಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಒಣಗಿದ್ದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಚಿಪ್ಪು ಒಡೆದ ಮೇಲೆ ಬೀಜವನ್ನು ನೀರಿನ ತೊಟ್ಟಿಗೆ ಹಾಕುತ್ತಾರೆ. ಮುಳುಗಿದ್ದು ಒಳ್ಳೆಯದು, ತೇಲಿದ್ದು ಕೆಳದರ್ಜೆಯದು. ಆಮೇಲೆ ಹೆಂಗಸರು ಉದ್ದ ಮೇಜಿನ ಮುಂದೆ ಕೂತು ಕೈಯಲ್ಲೇ ಆರಿಸುತ್ತಾರೆ. ಒಬ್ಬಾಕೆಯ ಕೈ ನೋಡುತ್ತಾ ನಿಂತೆ. ಬೆರಳ ತುದಿಯಲ್ಲಿ ಹೊರಳಿಸಿದ್ದೇ, ತೂತು ಬಿದ್ದದ್ದು ಎಡಕ್ಕೆ, ಸುಕ್ಕಾದದ್ದು ಬುಟ್ಟಿಗೆ, ಗಟ್ಟಿಯದ್ದು ಮುಂದಕ್ಕೆ. ಕಣ್ಣು ನನ್ನ ಮೇಲೆ, ಕೈ ಅದರ ಪಾಡಿಗೆ ಕೆಲಸದಲ್ಲಿ. ಜಾಪತ್ರೆಯ ವಿಭಾಗ ಬೇರೆ. ಗೋಣಿ ಚೀಲದ ಮೇಲೆ ಅಚ್ಚು ಇಟ್ಟು ಬಣ್ಣ ಸವರಿ ಊರ ಹೆಸರು ಬರೆಯುತ್ತಾರೆ.

ಇದನ್ನು ನಡೆಸುವುದು ರೈತರ ಸಹಕಾರ ಸಂಘ, 1947ರದ್ದು. ಒಂದು ಕಾಲಕ್ಕೆ ಇಂಡೋನೇಷ್ಯಾ ಬಿಟ್ಟರೆ ಜಗತ್ತಿಗೆ ಜಾಸ್ತಿ ಜಾಯಿಕಾಯಿ ಕೊಟ್ಟಿದ್ದು ಈ ಪುಟ್ಟ ದ್ವೀಪವೇ. 2004ರ ಸೆಪ್ಟೆಂಬರ್ 7ಕ್ಕೆ ಇವಾನ್ ಬಂತು. ಬಹುಪಾಲು ಜಾಯಿಕಾಯಿ ಮರ ಬುಡಮೇಲಾದವು. ಹತ್ತರಲ್ಲಿ ಒಂಬತ್ತು ಮನೆಗೆ ಪೆಟ್ಟು. ಮರುವರ್ಷ ಎಮಿಲಿ ಅನ್ನುವ ಇನ್ನೊಂದು ಚಂಡಮಾರುತ. ಜಾಯಿಕಾಯಿ ಇವತ್ತು ನೆಟ್ಟು ನಾಳೆ ಕೊಯ್ಯುವ ಬೆಳೆ ಅಲ್ಲ. ಎಷ್ಟೋ ವಯಸ್ಸಾದ ರೈತರು ಮತ್ತೆ ನೆಡಲೇ ಇಲ್ಲ, ಮಕ್ಕಳು ನ್ಯೂಯಾರ್ಕ್, ಲಂಡನ್ ಸೇರಿದರು. ಕಟ್ಟಡದಲ್ಲಿ ಖಾಲಿ ತಟ್ಟೆಗಳೇ ಜಾಸ್ತಿ ಇದ್ದವು. ನನಗೆ ನಿಜಕ್ಕೂ ಸಂಕಟವಾಯಿತು. ತೋಟ ಹೋದ ರೈತನ ಮನೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಆ ಹೆಂಗಸನ್ನು, “ಗುರುವಾರ ಓಟು ಹಾಕುತ್ತೀರಾ?” ಅಂತ ಕೇಳಿದೆ. “ಹಾಕದೆ? ನನ್ನ ಮಗನಿಗೆ ಓದಿದ್ದಕ್ಕೆ ತಕ್ಕ ಕೆಲಸ ಬೇಕು,” ಅಂದಳು. ಯಾವ ಬಣ್ಣ ಅಂತ ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಸಂಜೆ ವಾಪಸ್ ಬಂದಾಗ ನಮ್ಮ ಮನೆಯ ಕೆಳಗಿನ ತಿರುವಿನಲ್ಲಿ ಒಂದು ಚಿಕ್ಕ ಸಭೆ. ವೇದಿಕೆ ಅಂದರೆ ಒಂದು ಟ್ರಕ್. ರಸ್ತೆ ಬದಿಯಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಇಬ್ಬರು ಎತ್ತಬೇಕಾದಷ್ಟು ದೊಡ್ಡ ಪಾತ್ರೆಯಲ್ಲಿ ಆಯಿಲ್ ಡೌನ್ ಬೇಯುತ್ತಿತ್ತು. ಇದು ಇವರ ರಾಷ್ಟ್ರೀಯ ಅಡುಗೆ. ತಳದಲ್ಲಿ ಉಪ್ಪು ಹಾಕಿಟ್ಟ ಮಾಂಸ, ಮೇಲೆ ಜೀಗುಜ್ಜೆ ಹೋಳು, ಬಾಳೆಕಾಯಿ, ಹಿಟ್ಟಿನ ಉಂಡೆ, ಅರಿಶಿನ ಕದಡಿದ ತೆಂಗಿನ ಹಾಲು. ಎಲ್ಲದರ ಮೇಲೆ ಕೆಸುವಿನ ಎಲೆ ಮುಚ್ಚುತ್ತಾರೆ. ಹಾಲು ಇಂಗಿ ತಳದಲ್ಲಿ ಎಣ್ಣೆ ಬಿಡುವ ತನಕ ಬೇಯಬೇಕು. ಟೀಚರ್ ನಮಗಾಗಿ ಮಾಂಸ ಇಲ್ಲದೆ ಸಣ್ಣ ಪಾತ್ರೆಯಲ್ಲಿ ಮಾಡಿಟ್ಟಿದ್ದರು. ಜೀಗುಜ್ಜೆ, ಕೆಸು, ತೆಂಗು, ಅರಿಶಿನ. ಎರಡು ಸಲ ಬಡಿಸಿಕೊಂಡೆ.

ಸಭೆಯಲ್ಲಿ ಅಭ್ಯರ್ಥಿ ಮಾತಾಡಿದ್ದು ಪಿಂಚಣಿ, ಕೆಲಸ, ಆಸ್ಪತ್ರೆ ಬಗ್ಗೆ. ಸರ್ಕಾರಿ ನೌಕರರ ಪಿಂಚಣಿ ಈ ಚುನಾವಣೆಯ ದೊಡ್ಡ ವಿಷಯ. ಮಾತಿನ ನಡುವೆ ಗುಂಪಿನಿಂದ ಒಬ್ಬ ಮುದುಕಿ, “ಅದೆಲ್ಲ ಇರಲಿ, ನಮ್ಮ ಓಣಿಯ ನೀರು ಏನಾಯ್ತು?” ಅಂತ ಅವರನ್ನು ಮನೆಯ ಹೆಸರು ಹಿಡಿದು ಕೇಳಿದಳು. ಅವರು ಮೈಕ್ ಕೆಳಗಿಟ್ಟು ಟ್ರಕ್ಕಿನಿಂದ ಇಳಿದು ಅವಳ ಹತ್ತಿರ ಹೋಗಿ ಉತ್ತರ ಹೇಳಿದರು. ನಮ್ಮಲ್ಲಿ ಶಾಸಕರ ಸುತ್ತ ಇರುವ ಜನರ ಗೋಡೆ ನೆನೆದು ಹೊಟ್ಟೆಕಿಚ್ಚಾಯಿತು.

ಜೂನ್ 22, ಬುಧವಾರ

ಕ್ಯಾರನಾಜ್‌ನಿಂದ ಫೆರಿಯಲ್ಲಿ ಕ್ಯಾರಿಯಾಕೂಗೆ. ಸುಮಾರು ಒಂದೂವರೆ ಗಂಟೆ ದಾರಿ. ಮಧ್ಯದಲ್ಲಿ ಕಿಕ್ ಎಮ್ ಜೆನ್ನಿ ಅನ್ನುವ ಜ್ವಾಲಾಮುಖಿ ಸಮುದ್ರದ ತಳದಲ್ಲಿದೆ. ಅಲೆ ಜೋರು. ಶುಂಠಿ ಚೂರು ಬಾಯಲ್ಲಿಟ್ಟುಕೊಂಡು ಕೂತೆ.

ಹಡಗು ತುಂಬಿತ್ತು. ಹೆಚ್ಚಿನವರು ಗ್ರೆನೇಡಾದಲ್ಲಿ ಕೆಲಸ ಮಾಡುವ ಕ್ಯಾರಿಯಾಕೂದವರು, ನಾಳೆ ತಮ್ಮೂರಲ್ಲಿ ಓಟು ಹಾಕಲು ಹೊರಟವರು. ನನ್ನ ಪಕ್ಕ ಕೂತಿದ್ದ ಬಡಗಿ ಹಳದಿ ಟೋಪಿ ಹಾಕಿದ್ದ. “ಇಷ್ಟು ದೂರ ಒಂದು ಓಟಿಗಾಗಿಯಾ?” ಅಂದೆ. ಅವನು ಕೈಬೆರಳು ಎತ್ತಿ ಆರು ಅಂತ ತೋರಿಸಿದ.

2003ರ ಕಥೆ ಅದು. ಆಗ ಎರಡೂ ಪಕ್ಷ ಸರಿಸಮ ಹೋರಾಡಿ, ಕೊನೆಗೆ ಎಲ್ಲ ಬಂದು ನಿಂತದ್ದು ಕ್ಯಾರಿಯಾಕೂ ಮತ್ತು ಪೆಟಿಟ್ ಮಾರ್ಟಿನಿಕ್ ಕ್ಷೇತ್ರದ ಮೇಲೆ. ಎನ್‌ಎನ್‌ಪಿಯ ಎಲ್ವಿನ್ ನಿಮ್ರೋಡ್ ಗೆದ್ದದ್ದು ಬರೀ 6 ಮತಗಳಿಂದ. ಒಟ್ಟು ಲೆಕ್ಕ 8–7. ಅಂದರೆ ಇಲ್ಲಿನ ಒಂದು ಮನೆಯವರು ಆ ದಿನ ಬೇರೆ ಕಡೆ ಓಟು ಹಾಕಿದ್ದರೆ ದೇಶದ ಸರ್ಕಾರವೇ ಬೇರೆಯಾಗುತ್ತಿತ್ತು. “ಅವತ್ತು ನನ್ನ ಇಬ್ಬರು ತಮ್ಮಂದಿರು ದೋಣಿ ಕೆಲಸ ಅಂತ ಬರಲೇ ಇಲ್ಲ,” ಅಂದ ಬಡಗಿ. ಹತ್ತೊಂಬತ್ತು ವರ್ಷದ ಹಿಂದಿನ ಮಾತು, ಅವನ ದನಿಯಲ್ಲಿ ನೋವು ಹಾಗೇ ಇತ್ತು.

ನನಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಒಳಗೆ ಇಳಿದದ್ದು ಈ ಆರು ಮತದ ಕಥೆ. ಕೋಟಿಗಟ್ಟಲೆ ಜನರ ನಡುವೆ ಓಟು ಹಾಕುವ ನಾವು ‘ನನ್ನದೊಂದರಿಂದ ಏನಾಗುತ್ತೆ’ ಅಂತ ಎಷ್ಟು ಸಲೀಸಾಗಿ ಅಂದುಬಿಡುತ್ತೇವೆ. ಇಲ್ಲಿ ಆ ಮಾತು ಯಾರ ಬಾಯಲ್ಲೂ ಕೇಳಲಿಲ್ಲ.

ಹಿಲ್ಸ್‌ಬರೋದಲ್ಲಿ ಇಳಿದೆ. ಒಂದು ಮುಖ್ಯ ರಸ್ತೆ, ಒಂದು ಜೆಟ್ಟಿ, ಕೆಲವು ಅಂಗಡಿ. ವಿಂಡ್‌ವರ್ಡ್ ಕಡೆ ಮರದ ಹಡಗು ಕಟ್ಟುವವರು ಇದ್ದಾರೆ, ಸ್ಕಾಟ್ಲೆಂಡಿನಿಂದ ಬಂದವರ ವಂಶದವರೂ ಅವರಲ್ಲಿದ್ದಾರೆ. ದಡದಲ್ಲೇ ಹಡಗಿನ ಪಕ್ಕೆಲುಬು ಜೋಡಿಸುತ್ತಿದ್ದರು. ತುಂಬ ಹೊತ್ತು ನಿಲ್ಲಲು ಆಗಲಿಲ್ಲ, ಮಧ್ಯಾಹ್ನದ ಫೆರಿ ಹಿಡಿಯಬೇಕಿತ್ತು. ಎರಡು ವರ್ಷ ಕಳೆದು 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಕ್ಯಾರಿಯಾಕೂವನ್ನು ಹೆಚ್ಚುಕಡಿಮೆ ನೆಲಸಮ ಮಾಡಿತು. ಸುದ್ದಿ ನೋಡುವಾಗ ಆ ಬಡಗಿ, ಆ ಹಡಗು ಕಟ್ಟುವವರು ಎಲ್ಲ ಕಣ್ಣ ಮುಂದೆ ಬಂದರು.

ಜೂನ್ 23, ಗುರುವಾರ

ಮತದಾನ ಬೆಳಿಗ್ಗೆ 6ಕ್ಕೆ ಶುರು. ಟೀಚರ್ ನಾಲ್ಕೂವರೆಗೇ ಹೊರಟರು, ಮೆಟ್ಟಿಲು ಇಳಿದ ಸದ್ದು ಕೇಳಿತು. ಆರೂವರೆಗೆ ನಾನೂ ತಂಗಿಯೂ ನಡೆದು ಶಾಲೆಯ ಹತ್ತಿರ ಹೋದೆವು. ಒಳಗೆ ಹೋಗುವ ಹಾಗಿಲ್ಲ, ರಸ್ತೆಯ ಆಚೆ ಮರದ ನೆರಳಲ್ಲಿ ನಿಂತೆವು. ಸಾಲು ಆಗಲೇ ಗೇಟಿನ ಹೊರಗೆ ಬಂದಿತ್ತು. ಇವತ್ತು ಹಳದಿ, ಹಸಿರು ಕಮ್ಮಿ. ಭಾನುವಾರ ಚರ್ಚಿಗೆ ಹೋಗುವ ಹಾಗೆ ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಬಂದಿದ್ದರು. ಒಬ್ಬ ಅಜ್ಜನನ್ನು ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿ ತಂದರು. ಸಾಲಿನವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಹೊರಗೆ ಬಂದವರ ಬೆರಳಿಗೆ ಶಾಯಿ. ನಮ್ಮಲ್ಲಿ ಉಗುರಿನ ಮೇಲಿಂದ ಒಂದು ಗೆರೆ ಎಳೆಯುತ್ತಾರೆ, ಇಲ್ಲಿ ಬೆರಳ ತುದಿಯನ್ನೇ ಅದ್ದಿಸುತ್ತಾರೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ ಶುರು ಮಾಡಿದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಭಾರತಕ್ಕೆ ಈ ಶಾಯಿ ಕೊಡುತ್ತಿದೆ, ಹೊರದೇಶಗಳಿಗೂ ಕಳಿಸುತ್ತದೆ ಅಂತ ಅಲ್ಲಿದ್ದ ಒಬ್ಬ ಯುವಕನಿಗೆ ಹೇಳಿದೆ. ಅವನು ತನ್ನ ಬೆರಳನ್ನು ಮತ್ತೊಮ್ಮೆ ನೋಡಿಕೊಂಡ. ಅವನ ಮುತ್ತಜ್ಜಿ ಭಾರತದವಳಂತೆ. 1857ರ ಮೇ 1ಕ್ಕೆ ಕಲ್ಕತ್ತಾದಿಂದ ‘ಮೇಡ್‌ಸ್ಟೋನ್’ ಹಡಗಿನಲ್ಲಿ ಮೊದಲ ಕೂಲಿಯಾಳುಗಳು ಇಲ್ಲಿಗೆ ಬಂದರು. ಆಮೇಲೂ ಹಡಗುಗಳು ಬಂದವು. ಅವರ ಮೊಮ್ಮಕ್ಕಳ ಮಕ್ಕಳು ಈಗ ಗ್ರೆನೇಡಾದವರೇ. ಭಾಷೆ ಹೋಗಿದೆ, ರೊಟ್ಟಿ ಉಳಿದಿದೆ.

ಸಂಜೆ 5ಕ್ಕೆ ಗೇಟು ಮುಚ್ಚಿತು. ಎಣಿಕೆ ಅಲ್ಲೇ, ಅದೇ ಬೂತಿನಲ್ಲಿ, ಕೈಯಿಂದ. ಪೆಟ್ಟಿಗೆಯನ್ನು ಎಲ್ಲಿಗೂ ಸಾಗಿಸುವ ಮೊದಲೇ ಲೆಕ್ಕ ಹೊರಗೆ ಬರುತ್ತದೆ. ಇದು ನನಗೆ ತುಂಬ ಹಿಡಿಸಿತು. ಟೀಚರ್ ಆಮೇಲೆ ವಿವರಿಸಿದರು: ಅಧಿಕಾರಿ ಒಂದೊಂದೇ ಚೀಟಿ ಬಿಡಿಸಿ, ಗುಣಿಸು ಗುರುತು ಎಲ್ಲಿ ಬಿದ್ದಿದೆ ಅಂತ ಎರಡೂ ಪಕ್ಷದ ಏಜೆಂಟರಿಗೆ ಕಾಣುವ ಹಾಗೆ ಎತ್ತಿ ಹಿಡಿದು, ಗಟ್ಟಿಯಾಗಿ ಓದುತ್ತಾರೆ. ‘ಮನೆ.’ ‘ಹೃದಯ.’ ‘ಹೃದಯ.’ ‘ಮನೆ.’ ಏಜೆಂಟರು ಹಾಳೆಯ ಮೇಲೆ ಗೆರೆ ಹಾಕುತ್ತಾ ಹೋಗುತ್ತಾರೆ. ಒಂದು ಚೀಟಿಯಲ್ಲಿ ಗುರುತು ಗೆರೆ ದಾಟಿತ್ತಂತೆ. ಆ ಒಂದು ಚೀಟಿಗೆ ಇಬ್ಬರು ಏಜೆಂಟರೂ ಎದ್ದು ಬಂದು, ಬೆಳಕಿಗೆ ಹಿಡಿದು, ಮಾತಾಡಿ ಒಪ್ಪಿಕೊಂಡರು. ಇಬ್ಬರೂ ಟೀಚರ್ ಕೈಯಲ್ಲಿ ಓದಿದವರೇ!

ರಾತ್ರಿ ಟಿವಿ ಮುಂದೆ ಕೂತೆವು. ಬೂತಿನ ಲೆಕ್ಕ ಒಂದೊಂದಾಗಿ ಬರತೊಡಗಿತು. ಮೊದಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಹಳದಿ ಮುಂದೆ ಬಂತು, ಹಿಂದೆ ಸರಿಯಲಿಲ್ಲ. ಕ್ಯಾರಿಯಾಕೂ ಕೂಡ ಎನ್‌ಡಿಸಿಗೆ, ಗೆದ್ದವರು ಟೆವಿನ್ ಆಂಡ್ರೂಸ್. ನನಗೆ ಫೆರಿಯ ಬಡಗಿ ನೆನಪಾಗಿ ಜೋರಾಗಿ ನಕ್ಕುಬಿಟ್ಟೆ. ಸೇಂಟ್ ಡೇವಿಡ್‌ನಲ್ಲಿ ಎನ್‌ಡಿಸಿ ನಾಯಕ ಡಿಕನ್ ಮಿಚೆಲ್ ಗೆದ್ದರು. ಕೀತ್ ಮಿಚೆಲ್ ತಮ್ಮ ಸೀಟು ಉಳಿಸಿಕೊಂಡರು, ಸರ್ಕಾರ ಉಳಿಯಲಿಲ್ಲ. ಎನ್‌ಡಿಸಿ 9, ಎನ್‌ಎನ್‌ಪಿ 6.

ಇಬ್ಬರ ಹೆಸರಲ್ಲೂ ಮಿಚೆಲ್ ಇದೆ, ಆದರೆ ನೆಂಟರಲ್ಲ. ಡಿಕನ್ ವಕೀಲರು, 44 ವರ್ಷ. ಪಕ್ಷದ ನಾಯಕರಾದದ್ದು 2021ರ ಅಕ್ಟೋಬರ್ ಕೊನೆಗೆ. ಎಂಟು ತಿಂಗಳು ತುಂಬುವ ಮೊದಲೇ, ಹಿಂದಿನ ಎರಡು ಚುನಾವಣೆಯಲ್ಲಿ ಒಂದೂ ಸೀಟು ಗೆಲ್ಲದ ಪಕ್ಷವನ್ನು ಅಧಿಕಾರಕ್ಕೆ ತಂದರು.

ರಸ್ತೆಗೆ ಇಳಿದೆವು. ಪಾತ್ರೆ, ಮುಚ್ಚಳ, ಹಾರನ್, ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದರು. ಹಳದಿ ಬಾವುಟ ಸುತ್ತಿಕೊಂಡ ಹುಡುಗಿಯೊಬ್ಬಳು ತಂಗಿಯನ್ನು ತಬ್ಬಿಕೊಂಡಳು, ಅವಳಿಗೆ ಇವಳು ಯಾರು ಅಂತಲೂ ಗೊತ್ತಿಲ್ಲ. ಎದುರು ಮನೆ ಹಸಿರಿನವರದ್ದು. ದೀಪ ಹಾಕಿಕೊಂಡು ವರಾಂಡದಲ್ಲೇ ಕೂತಿದ್ದರು. ಮೆರವಣಿಗೆಯಲ್ಲಿದ್ದ ಇಬ್ಬರು ಅವರ ಗೇಟಿನ ಹತ್ತಿರ ನಿಂತು, “ನಾಳೆ ಕೆಲಸಕ್ಕೆ ಬರ್ತೀಯಲ್ಲ?” ಅಂತ ಕೇಳಿ ಹೋದರು.

ಟೀಚರ್ ಬಂದಾಗ ಹನ್ನೊಂದು ದಾಟಿತ್ತು. ಕಾಲು ಊದಿಕೊಂಡಿತ್ತು. ತಂಗಿ ಬಿಸಿನೀರು ತಂದಿಟ್ಟಳು. “1979ರ ಮಾರ್ಚಿನಲ್ಲಿ ಸರ್ಕಾರ ಬದಲಾದ ಬೆಳಿಗ್ಗೆ ನಾನು ರೇಡಿಯೋದಲ್ಲಿ ಕೇಳಿದ್ದೆ,” ಅಂದರು. “ಆಗ ನಾವು ಹುಡುಗಿಯರು ಕುಣಿದಿದ್ದೆವು. 83ರಲ್ಲಿ ಬಾಗಿಲು ಹಾಕಿಕೊಂಡು ಮಂಚದ ಕೆಳಗೆ ಮಲಗಿದ್ದೆವು. ಇವತ್ತು ನಾನೇ ಎಣಿಸಿ ಬಂದೆ.”

ಜೂನ್ 24, ಶುಕ್ರವಾರ

ನಿನ್ನೆ ಮತದಾನ, ಇವತ್ತು ಹೊಸ ಪ್ರಧಾನಿ. ಡಿಕನ್ ಮಿಚೆಲ್ ಅವರಿಗೆ ಗವರ್ನರ್ ಜನರಲ್ ಡೇಮ್ ಸೆಸಿಲ್ ಲ ಗ್ರೆನೇಡ್ ಪ್ರಮಾಣವಚನ ಬೋಧಿಸಿದರು. ಈ ಹುದ್ದೆಗೆ ಬಂದ ಮೊದಲ ಮಹಿಳೆ ಅವರು, 2013ರಿಂದ ಇದ್ದಾರೆ. ಆಹಾರ ವಿಜ್ಞಾನ ಓದಿದವರು, ಅವರ ಮನೆತನದ ಉದ್ಯಮ ಜಾಯಿಕಾಯಿಯಿಂದ ಜಾಮ್, ಸಿರಪ್ ಮಾಡುವುದು.

ರೆಸಾರ್ಟ್ ರಾಜಕೀಯ ಇಲ್ಲ, ಯಾರು ಯಾರ ಕಡೆ ಅನ್ನುವ ಕಾಯುವಿಕೆ ಇಲ್ಲ. ಊರೆಲ್ಲ ನಿದ್ದೆಗೆಟ್ಟ ಮುಖ. ಮಧ್ಯಾಹ್ನ ನಾವು ಗ್ರಾಂಡ್ ಆನ್ಸ್ ಸಮುದ್ರದಲ್ಲಿ ಈಜಿ ಬಂದು ಮಲಗಿದೆವು.

ಜೂನ್ 25, ಶನಿವಾರ

ಸೇಂಟ್ ಜಾರ್ಜಸ್‌ನ ಶನಿವಾರದ ಸಂತೆಗೆ ಟೀಚರ್ ಜೊತೆ ಹೋದೆ. ಜಾಪತ್ರೆ, ದಾಲ್ಚಿನ್ನಿ ಚಕ್ಕೆ, ಲವಂಗ, ಕೋಕೋ ಉಂಡೆ, ಹಸಿ ಅರಿಶಿನ. ತಾಳೆ ನೋಡಿ ಜಾಯಿಕಾಯಿ ತೆಗೆದುಕೊಂಡೆ, ಗುಯಾವ್‌ನಲ್ಲಿ ನೋಡಿದ ಹಾಗೆ ಬೆರಳಲ್ಲಿ ಹೊರಳಿಸಿ. ಮಾರುವಾಕೆ, “ಗೊತ್ತಿದ್ದವಳು,” ಅಂದಳು. ಎರಡು ಹೆಚ್ಚು ಹಾಕಿದಳು.

ವಾಪಸ್ ಬರುವ ಬಸ್ಸಿನಲ್ಲಿ ಟೀಚರ್ ಕೈಯಲ್ಲಿ ಲೆಕ್ಕದ ಹಾಳೆ ಇತ್ತು. ಅವರು ಹೇಳಿದ್ದನ್ನು ಕೇಳಿ ನನಗೆ ಆಶ್ಚರ್ಯವಾಯಿತು. 2018ರಲ್ಲಿ ಎನ್‌ಎನ್‌ಪಿಗೆ ಬಿದ್ದದ್ದು ನೂರಕ್ಕೆ ಸುಮಾರು 59 ಮತ. ಸೀಟು ಮಾತ್ರ 15ಕ್ಕೆ 15. ಎನ್‌ಡಿಸಿಗೆ ಸುಮಾರು 40 ಮತ ಬಿದ್ದರೂ ಸೀಟು ಸೊನ್ನೆ. ಅಂದರೆ ಹತ್ತು ಜನರಲ್ಲಿ ನಾಲ್ವರ ಪರವಾಗಿ ಕೆಳಮನೆಯಲ್ಲಿ ಮಾತಾಡಲು ಒಬ್ಬರೂ ಇಲ್ಲ. ಕೊನೆಗೆ ಗೆದ್ದ ಪಕ್ಷದಿಂದಲೇ ಟೋಬಿಯಾಸ್ ಕ್ಲೆಮೆಂಟ್ ಹೊರಗೆ ಬಂದು ವಿರೋಧ ಪಕ್ಷದ ನಾಯಕರಾದರು. ಈ ಸಲ ಎನ್‌ಡಿಸಿಗೆ ಸುಮಾರು 52, ಎನ್‌ಎನ್‌ಪಿಗೆ 48. ಒಟ್ಟು ಬಿದ್ದದ್ದೇ 60,000ದ ಆಸುಪಾಸು. ಕೆಲವು ಸಾವಿರ ಜನ ಮನಸ್ಸು ಬದಲಿಸಿದ್ದಕ್ಕೆ ಇಡೀ ದೇಶದ ಆಡಳಿತ ಬದಲಾಯಿತು.

ಯಾರು ಹೆಚ್ಚು ಮತ ಪಡೆದರೋ ಅವರಿಗೇ ಸೀಟು ಅನ್ನುವ ಈ ಪದ್ಧತಿ ನಮ್ಮಲ್ಲೂ ಇದೆ. ದೊಡ್ಡ ದೇಶದಲ್ಲಿ ಅದರ ಓರೆಕೋರೆ ರಾಜ್ಯದಿಂದ ರಾಜ್ಯಕ್ಕೆ ಸರಿಹೋಗಿಬಿಡುತ್ತದೆ. ಚಿಕ್ಕ ದೇಶದಲ್ಲಿ ಹಾಗಿಲ್ಲ, ಗಾಳಿ ಒಂದು ಕಡೆ ಬೀಸಿದರೆ ಇನ್ನೊಂದು ಕಡೆಯವರು ಕೆಳಮನೆಯಿಂದಲೇ ಅಳಿಸಿಹೋಗುತ್ತಾರೆ. ಇದನ್ನು ಇಲ್ಲಿನವರು ಬದಲಿಸಿಕೊಳ್ಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. 15–0 ಯಾರಿಗೂ ಒಳ್ಳೆಯದಲ್ಲ, ಗೆದ್ದವರಿಗೂ.

“ಅದಕ್ಕೇ ನನಗೆ ಒಂಬತ್ತಕ್ಕಿಂತ ಆರು ಖುಷಿ,” ಅಂದರು ಟೀಚರ್. “ನನ್ನ ಓಟು ಒಂಬತ್ತರ ಕಡೆ ಬಿದ್ದಿರಬಹುದು, ಆರರ ಕಡೆಯೂ ಬಿದ್ದಿರಬಹುದು, ಅದು ಬೇರೆ. ಆದರೆ ಈಗ ಬಜೆಟ್ ಓದುವಾಗ ಎದ್ದು ನಿಂತು ಕೇಳಲು ಆರು ಜನ ಇದ್ದಾರೆ. ಅವರಲ್ಲಿ ಒಬ್ಬರಿಗೆ ಇಪ್ಪತ್ತೆರಡು ವರ್ಷ ಸರ್ಕಾರ ನಡೆಸಿ ಗೊತ್ತು.”

ಅವರು ಹೇಳಿದ ಹಾಗೇ ಆಯಿತು. ಕೀತ್ ಮಿಚೆಲ್ ಸಂಸತ್ತಿಗೆ ವಾಪಸ್ ಬಂದರು, ಈ ಸಲ ವಿರೋಧ ಪಕ್ಷದ ನಾಯಕರಾಗಿ ಎದುರು ಬೆಂಚಿನಲ್ಲಿ ಕೂತರು.